ಯೂರೋಪಿನ ಬೇಟೆಗತ್ತಿಗಳು: ವಿಲಾಸವಸ್ತುವೂ ಚಾರಿತ್ರಿಕ ಸಾಕ್ಷ್ಯವೂ

ಯೂರೋಪಿನ ದೊಡ್ಡ ವಸ್ತುಸಂಗ್ರಹಾಲಯಗಳ ಆಯುಧ ವಿಭಾಗಗಳಲ್ಲಿ, ಯುದ್ಧಖಡ್ಗಗಳ ಪಕ್ಕದಲ್ಲಿ, ಅವುಗಳಿಗಿಂತ ಗಿಡ್ಡವಾದರೂ ಅಲಂಕಾರದಲ್ಲಿ ಅವುಗಳನ್ನು ಮೀರಿಸುವ ಒಂದು ಬಗೆಯ ಕತ್ತಿಗಳು ಕಾಣಸಿಗುತ್ತವೆ. ಜರ್ಮನರು ಇದನ್ನು ‘ಹಿರ್ಷ್‌ಫೆಂಗರ್’ ಎಂದೂ, ಫ್ರೆಂಚರು ‘ಕೂತೋ ದ ಶಾಸ್’ ಎಂದೂ, ಇಂಗ್ಲಿಷರು ‘ಹ್ಯಾಂಗರ್’ ಎಂದೂ ಕರೆದರು. ನಾವು ಬೇಟೆಗತ್ತಿ ಎನ್ನಬಹುದು. ಯುದ್ಧದ ಇತಿಹಾಸವನ್ನು ಬರೆಯುವವರಿಗೆ ಇದು ಆಟಿಕೆಯಂತೆ ತೋರಿದೆ. ಕಲೆಯ ಇತಿಹಾಸಕಾರರು ಇದರ ಹಿಡಿಯನ್ನು ನೋಡಿ ಅಲಗನ್ನು ಮರೆತಿದ್ದಾರೆ. ಆದರೆ ಬೇಟೆಯಾಡುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ಕತ್ತಿ ಒಂದು ದಸ್ತಾವೇಜಿನಷ್ಟೇ ಬೆಲೆಯುಳ್ಳದ್ದು. ಆ ದಸ್ತಾವೇಜನ್ನು ಉಳಿಸಿಕೊಟ್ಟವರೂ ಸಂಗ್ರಾಹಕರೇ, ಬಹುಮಟ್ಟಿಗೆ ತಿದ್ದಿದವರೂ ಅವರೇ.

ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಇದು ನಿಜವಾದ ಉಪಕರಣವಾಗಿದ್ದಿತು. ಕಾಡುಹಂದಿಯನ್ನು ಇರಿಯುವುದಕ್ಕಾಗಿ ಮಾಡಿದ ಉದ್ದನೆಯ ಕತ್ತಿಗೆ ಎಲೆಯಾಕಾರದ ಅಗಲವಾದ ತುದಿ. ಅದರ ಹಿಂದೆ ಒಂದು ಅಡ್ಡಪಟ್ಟಿ. ಗಾಯಗೊಂಡ ಹಂದಿ ಅಲಗನ್ನೇ ಸೀಳಿಕೊಂಡು ಬೇಟೆಗಾರನ ಮೇಲೆ ಏರಿಬಾರದಂತೆ ತಡೆಯುವುದು ಆ ಪಟ್ಟಿಯ ಕೆಲಸ. ಆದರೂ ವಿಲಾಸ ಆಗಲೇ ಕಾಲಿಟ್ಟಿತ್ತು. ಮ್ಯೂನಿಕ್ ನಗರದ ಅಂಬ್ರೋಸಿಯುಸ್ ಗೆಮ್ಲಿಷ್ ಎಂಬ ಕುಶಲಕರ್ಮಿ 1530ರ ದಶಕದಲ್ಲಿ ಬೇಟೆಗತ್ತಿಯ ಅಲಗಿನ ಮೇಲೆ ಇಡೀ ವರ್ಷದ ಪಂಚಾಂಗವನ್ನೇ ಆಮ್ಲದಿಂದ ಕೊರೆದನು. ಹಂದಿ ಎದುರಿಗೆ ನುಗ್ಗುತ್ತಿರುವಾಗ ಇಂದು ಯಾವ ಸಂತನ ಹಬ್ಬವೆಂದು ನೋಡಲು ಯಾರಿಗೂ ಬಿಡುವಿರಲಾರದು.

ಬಂದೂಕು ಬಂದ ಮೇಲೆ ಕತ್ತಿಯ ಅಗತ್ಯ ಕಡಮೆಯಾಯಿತು. ಗೌರವ ಮಾತ್ರ ಹೆಚ್ಚಿತು. ನಾಯಿಗಳ ಹಿಂಡನ್ನು ಬಿಟ್ಟು ಸಾರಂಗವನ್ನು ದಣಿಯುವವರೆಗೆ ಅಟ್ಟುವುದು ಆಸ್ಥಾನದ ಬೇಟೆಯ ಪದ್ಧತಿಯಾಗಿದ್ದಿತು. ದಣಿದು ನಿಂತ ಪ್ರಾಣಿಗೆ ಕೊನೆಯ ಇರಿತವನ್ನು ಕೊಡುವುದು ಬೇಟೆಯ ಯಜಮಾನನ ಹಕ್ಕು, ಅಥವಾ ಅವನು ಮನ್ನಿಸಿದವನ ಭಾಗ್ಯ. ಈ ಕ್ಷಣಕ್ಕಾಗಿ ಧರಿಸಿದ ಗಿಡ್ಡಗತ್ತಿ ಹದಿನೆಂಟನೆಯ ಶತಮಾನದ ಹೊತ್ತಿಗೆ ಬೇಟೆಯ ಉಡುಪಿನ ಒಂದು ಅಂಗವೇ ಆಯಿತು.

ಆ ಶತಮಾನದ ಒಂದು ಉತ್ತಮ ಕತ್ತಿಯನ್ನು ಭಾಗಭಾಗವಾಗಿ ನೋಡುವುದು ಉಪಯುಕ್ತ. ಅಲಗು ನೇರವಾಗಿಯೋ ತುಸು ಬಾಗಿಯೋ ಇದ್ದು ಸಾಮಾನ್ಯವಾಗಿ ಒಂದೇ ಕಡೆ ಹರಿತವಾಗಿರುತ್ತದೆ. ಬಹುಪಾಲು ಅಲಗುಗಳು ಜರ್ಮನಿಯ ಸೋಲಿಂಗೆನ್ ಪಟ್ಟಣದವು. ಅವು ಡ್ರೆಸ್ಡೆನ್, ಪ್ಯಾರಿಸ್, ಲಂಡನ್ನುಗಳಿಗೆ ಹೋಗಿ ಅಲ್ಲಿಯ ಕುಶಲಿಗಳಿಂದ ಹಿಡಿ, ಒರೆಗಳನ್ನು ಪಡೆಯುತ್ತಿದ್ದವು. ಆದುದರಿಂದ ಒಂದು ಕತ್ತಿಯನ್ನು ‘ಫ್ರೆಂಚ್’ ಎಂದೋ ‘ಇಂಗ್ಲಿಷ್’ ಎಂದೋ ಕರೆಯುವುದು ಅರ್ಧಸತ್ಯ. ಅಲಗಿನ ಮೇಲಿನ ಓಡುವ ತೋಳದ ಮುದ್ರೆಯನ್ನು ನೋಡಿ ಮರುಳಾಗುವಂತಿಲ್ಲ. ಅದು ಮೊದಲು ಪಸ್ಸಾವ್ ನಗರದ ಕಮ್ಮಾರರ ಗುರುತು. ಸೋಲಿಂಗೆನ್ನಿನವರು ಅದನ್ನು ಧಾರಾಳವಾಗಿ ಅನುಕರಿಸಿದರು. ಅಲಗಿನ ಬುಡಭಾಗವನ್ನು ಕಾಯಿಸಿ ನೀಲಿಯ ಬಣ್ಣ ಬರಿಸಿ, ಅದರ ಮೇಲೆ ಚಿನ್ನದ ಲೇಪದಿಂದ ನಾಯಿ, ಸಾರಂಗ, ಬೇಟೆಗಾರರ ಚಿತ್ರಗಳನ್ನು ಬಿಡಿಸುವುದುಂಟು. ಹಿಡಿಗೆ ಸಾರಂಗದ ಕೊಂಬು, ದಂತ, ಕರಿಮರ, ಆಮೆಚಿಪ್ಪು, ಅಕೀಕು. 1710ರಲ್ಲಿ ಸ್ಯಾಕ್ಸನಿಯ ಮೈಸೆನ್ನಿನಲ್ಲಿ ಪಿಂಗಾಣಿಯ ಕಾರ್ಖಾನೆ ಸ್ಥಾಪಿತವಾದ ಮೇಲೆ, ಹೂಗಳನ್ನೂ ಬೇಟೆಯ ದೃಶ್ಯಗಳನ್ನೂ ಬರೆದ ಪಿಂಗಾಣಿಯ ಹಿಡಿಗಳೂ ಬಂದವು. ನೆಲಕ್ಕೆ ಬಿದ್ದರೆ ಒಡೆಯುವ ಹಿಡಿಯನ್ನು ಆಯುಧಕ್ಕೆ ಜೋಡಿಸಿದರೆಂದರೆ, ಅದನ್ನು ಬಳಸುವ ಸಂದರ್ಭ ಬಾರದೆಂಬ ಭರವಸೆ ಅವರಿಗಿದ್ದಿರಬೇಕು. ಹಿಡಿಯ ಬುಡದಲ್ಲಿ ಅಲಗಿನ ಕಡೆಗೆ ಬಾಗಿದ ಕಪ್ಪೆಚಿಪ್ಪಿನಾಕಾರದ ತಗಡು. ಒರೆಯ ಪಕ್ಕದ ಪುಟ್ಟ ಜೇಬುಗಳಲ್ಲಿ ಕೆಲವೊಮ್ಮೆ ಊಟದ ಚಾಕು, ಮುಳ್ಳುಚಮಚ.

ಈ ವೈಭವದ ಹಿಂದೆ ಕಾನೂನಿನ ಬಲವಿದ್ದಿತು. ಇಂಗ್ಲೆಂಡಿನ 1671ರ ಬೇಟೆಯ ಶಾಸನದ ಪ್ರಕಾರ, ವರ್ಷಕ್ಕೆ 100 ಪೌಂಡು ಉತ್ಪನ್ನ ಬರುವ ಸ್ವಂತ ಭೂಮಿಯೋ ಅದಕ್ಕೆ ಸಮನಾದ ಅರ್ಹತೆಯೋ ಇಲ್ಲದವನು, ತನ್ನ ಹೊಲದಲ್ಲಿಯೇ ಆದರೂ, ಮೊಲವನ್ನು ಕೊಲ್ಲುವಂತಿರಲಿಲ್ಲ; ಈ ಅರ್ಹತೆ ರದ್ದಾದುದು 1831ರಲ್ಲಿ. ಫ್ರಾನ್ಸಿನಲ್ಲಿ 1789ರಲ್ಲಿ ಪ್ರಜೆಗಳು ಬರೆದು ಕಳುಹಿಸಿದ ಅಹವಾಲುಗಳಲ್ಲಿ ಬೆಳೆ ತಿನ್ನುವ ಮೃಗಗಳ ದೂರು ಮತ್ತೆ ಮತ್ತೆ ಬರುತ್ತದೆ. ಅದೇ ವರ್ಷ ಆಗಸ್ಟ್ 4ರ ರಾತ್ರಿ ಪ್ರಭುಗಳ ಬೇಟೆಯ ವಿಶೇಷಾಧಿಕಾರವನ್ನು ಅಲ್ಲಿನ ರಾಷ್ಟ್ರೀಯ ಸಭೆ ತೆಗೆದುಹಾಕಲು ನಿರ್ಧರಿಸಿತು. ಜರ್ಮನ್ ರಾಜ್ಯಗಳಲ್ಲಿ ಇಂಥ ಹಕ್ಕುಗಳು ಅಲುಗಿದುದು 1848ರ ಕ್ರಾಂತಿಯಲ್ಲಿ. ಸೊಂಟದಲ್ಲಿ ಬೇಟೆಗತ್ತಿ ತೂಗಿಸಿಕೊಂಡವನು ತಾನು ಯಾರೆಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಅಧಿಕಾರ ಹೋದ ಮೇಲೆ ಅದರ ಕುರುಹುಗಳು ಮಾರಾಟಕ್ಕೆ ಬರುತ್ತವೆ. ಹತ್ತೊಂಬತ್ತನೆಯ ಶತಮಾನದ ಧನಿಕರು ಹಳೆಯ ಮನೆತನಗಳ ಆಯುಧಗಳನ್ನು ಕೊಂಡರು. ಅವರ ಸಂಗ್ರಹಗಳು ಕ್ರಮೇಣ ಸಾರ್ವಜನಿಕ ಸಂಸ್ಥೆಗಳನ್ನು ಸೇರಿದವು. ಲಂಡನ್ನಿನ ವ್ಯಾಲೇಸ್ ಸಂಗ್ರಹ 1900ರಲ್ಲಿ ಜನರಿಗೆ ತೆರೆಯಿತು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯಕ್ಕೆ 1913ರಲ್ಲಿ ರಿಗ್ಸ್ ಅವರ ಸಂಗ್ರಹವೂ 1926ರಲ್ಲಿ ರ್‍ಯೂಬೆಲ್ ಅವರದೂ ದೊರೆತವು. ಅಲ್ಲಿನ ಆಯುಧ ವಿಭಾಗದ ಮೊದಲ ಮುಖ್ಯಸ್ಥರಾಗಿದ್ದ ಬ್ಯಾಷ್‌ಫರ್ಡ್ ಡೀನ್ ಅವರು ಸಿದ್ಧಪಡಿಸಿದ ಆಸ್ಥಾನಖಡ್ಗ ಹಾಗೂ ಬೇಟೆಗತ್ತಿಗಳ ಸೂಚಿ, ಅವರು ತೀರಿಕೊಂಡ ಮರುವರ್ಷ, 1929ರಲ್ಲಿ ಪ್ರಕಟವಾಯಿತು.

ಬೇಡಿಕೆ ಹೆಚ್ಚಿದಂತೆ ನಕಲಿಯೂ ಹೆಚ್ಚಿತು. 1845ರಲ್ಲಿ ಪ್ರಾರಂಭವಾದ ಪ್ಯಾರಿಸಿನ ಸಾಮ್ಸನ್ ಸಂಸ್ಥೆ ಮೈಸೆನ್ ಮೊದಲಾದ ಹಳೆಯ ಪಿಂಗಾಣಿಗಳ ಪ್ರತಿಕೃತಿಗಳಿಗೆ ಪ್ರಸಿದ್ಧವಾಗಿದ್ದಿತು. ಆದುದರಿಂದ ಪಿಂಗಾಣಿಯ ಹಿಡಿಯುಳ್ಳ ಕತ್ತಿಯನ್ನು ಎರಡು ಸಲ ನೋಡಬೇಕು. ಪೂರ್ಣ ನಕಲಿಗಿಂತ ಅಪಾಯಕರವಾದುದು ಕೂಡಿಕೆ: ಒಂದು ಕತ್ತಿಯ ಅಲಗು, ಇನ್ನೊಂದರ ಹಿಡಿ, ಮೂರನೆಯದರ ಒರೆ, ಎಲ್ಲವೂ ಹಳೆಯವೇ, ಒಟ್ಟು ವಸ್ತು ಮಾತ್ರ ಸುಳ್ಳು. ಆದರೆ ಇಲ್ಲಿಯೂ ಎಚ್ಚರ ಬೇಕು. ತಾತನ ಅಲಗಿಗೆ ಮೊಮ್ಮಗ ತನ್ನ ಕಾಲದ ಹಿಡಿಯನ್ನು ಹಾಕಿಸಿಕೊಂಡದ್ದೂ ಉಂಟು. ಅದು ಮೋಸವಲ್ಲ, ಆ ಮನೆತನದ ಚರಿತ್ರೆ. ಮಾರಾಟಗಾರನ ಬೆಂಚಿನ ಮೇಲೆ ಆದ ಜೋಡಣೆಯನ್ನೂ ಮಾಲೀಕನ ಕಾಲದಲ್ಲಿ ಆದ ಜೋಡಣೆಯನ್ನೂ ಬೇರ್ಪಡಿಸಿ ತೋರಿಸುವುದು ಸವೆತದ ಗುರುತುಗಳು, ತುಕ್ಕಿನ ಅಂಚು, ಅಲಗಿನ ಬಾಲವನ್ನು ಹಿಡಿಯ ತುದಿಯಲ್ಲಿ ತಟ್ಟಿ ಕೂರಿಸಿದ ಬಗೆ. ದುರದೃಷ್ಟವಶಾತ್ ಸಂಗ್ರಾಹಕರು ಮೊದಲು ಅಳಿಸುತ್ತ ಬಂದಿರುವುದು ಇವುಗಳನ್ನೇ. ಒಮ್ಮೆ ಉಜ್ಜಿ ಹೊಳಪಿಸಿದ ಅಲಗಿನಿಂದ ನೀಲಿಯೂ ಚಿನ್ನವೂ ಹೋಗುತ್ತವೆ, ತುಕ್ಕಿನೊಡನೆ ಸಾಕ್ಷ್ಯವೂ ಹೋಗುತ್ತದೆ. ಥಳಥಳಿಸುವ ಕತ್ತಿಗಿಂತ ಮಂಕಾದ, ಬಿರುಕುಬಿಟ್ಟ ಕತ್ತಿಯೇ ನಮಗೆ ಹೆಚ್ಚು ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ.

ಇತ್ತೀಚೆಗೆ ಮತ್ತೊಂದು ಆತಂಕ ಸೇರಿದೆ. ಬ್ರಿಟನ್ನಿನಲ್ಲಿ 2018ರಲ್ಲಿ ಅಂಗೀಕೃತವಾಗಿ 2022ರ ಜೂನ್‌ನಲ್ಲಿ ಜಾರಿಗೆ ಬಂದ ದಂತ ಶಾಸನ, ದಂತವುಳ್ಳ ವಸ್ತುಗಳ ವ್ಯಾಪಾರವನ್ನು ಕೆಲವು ವಿನಾಯಿತಿಗಳ ಹೊರತು ನಿಷೇಧಿಸಿದೆ. 1947ಕ್ಕೆ ಮೊದಲಿನ ವಸ್ತುವಾದರೆ ಅದರ ಗಾತ್ರದಲ್ಲಿ ದಂತ ಶೇಕಡ 10ಕ್ಕಿಂತ ಕಡಮೆಯಿರಬೇಕು. 1918ಕ್ಕೆ ಮೊದಲಿನ, ಅಸಾಧಾರಣ ಮಹತ್ತ್ವವುಳ್ಳ ವಸ್ತುಗಳಿಗೆ ಪ್ರತ್ಯೇಕ ಪ್ರಮಾಣಪತ್ರ ಬೇಕು. ಆನೆಗಳ ರಕ್ಷಣೆಯ ಈ ನಿಯಮ ನ್ಯಾಯವಾದುದೇ. ಆದರೆ ಇಡೀ ಹಿಡಿಯೇ ದಂತದ್ದಾದರೆ ಕತ್ತಿ ಮೊದಲನೆಯ ವಿನಾಯಿತಿಗೆ ಒಳಪಡುವುದು ಕಷ್ಟ. ಆಗ ದಂತವನ್ನು ಕಿತ್ತು ಕೊಂಬನ್ನು ಹಾಕಿ ಮಾರುವ ಆಸೆ ಯಾರಿಗಾದರೂ ಹುಟ್ಟೀತು. ಹಾಗೆ ಮಾಡುವ ಬದಲು ಅಂಥ ಕತ್ತಿಯನ್ನು ಸಂಗ್ರಹಾಲಯಕ್ಕೆ ಒಪ್ಪಿಸುವುದು ಲೇಸು.

ನಮ್ಮ ವಿದ್ಯಾರ್ಥಿಗಳು ಈ ಕತ್ತಿಗಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ವಿರಳ. ಆದರೆ ಮೆಟ್ರೋಪಾಲಿಟನ್ ಸಂಸ್ಥೆ ತನ್ನ ಸಂಗ್ರಹದ ಅನೇಕ ವಸ್ತುಗಳ ಚಿತ್ರಗಳನ್ನು 2017ರಿಂದ ಎಲ್ಲರ ಮುಕ್ತ ಬಳಕೆಗೆ ಬಿಟ್ಟಿದೆ. ಅವುಗಳನ್ನು ನೋಡುವಾಗ ಹಿಡಿಯ ಚಿತ್ತಾರಕ್ಕಿಂತ ಮೊದಲು ಹಿಡಿಯೂ ಅಲಗೂ ಸೇರುವ ಸಂದನ್ನು ನೋಡಬೇಕು.