ಚಳಿಗಾಲದ ಬೆಳಗು ಮತ್ತು ಹಳೆಯ ಜೀಪಿನ ಗೇರ್ ಆಯಿಲ್

ಅಡಿಕೆಯ ಕೊನೆಕೊಯ್ಲೂ ಕಾಫಿ ಹಣ್ಣಿನ ಕೊಯ್ಲೂ ಕೂಡಿ ಬರುವ ಡಿಸೆಂಬರ್-ಜನವರಿಯಲ್ಲಿಯೇ ಗಣೇಶಗುಡಿ, ಜೋಯಿಡಾ ಕಡೆಯ ಹಳೆಯ ಜೀಪುಗಳು ಬೆಳಗಿನ ಹೊತ್ತು ಹಠ ಹಿಡಿಯುತ್ತವೆ. ಎಂಜಿನ್ ಚಾಲೂ ಆದರೂ ಗೇರು ಬೀಳದು. ಒಂದರಿಂದ ಎರಡಕ್ಕೆ ತರುವಾಗ ಕರಕರ ಸದ್ದು. ಬಿಸಿಲೇರಿ ನಾಲ್ಕಾರು ಕಿ.ಮೀ. ಓಡಿದ ಮೇಲೆ ಅದೇ ಗೇರು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಈ ತೊಂದರೆಗೆ ನಮ್ಮಲ್ಲಿ ಅನೇಕರು ಕಂಡುಕೊಂಡ ಉಪಾಯವೆಂದರೆ ಗೇರ್‌ಬಾಕ್ಸಿಗೆ ತೆಳು ಎಂಜಿನ್ ಆಯಿಲನ್ನೋ ಸೀಮೆಎಣ್ಣೆಯನ್ನೋ ಬೆರೆಸುವುದು. ಬೆಳಗಿನ ಗೇರು ಸುಲಭವಾಗುವುದೇನೋ ನಿಜ. ಆದರೆ ಅದೇ ಜೀಪು ಮಧ್ಯಾಹ್ನ ಭಾರ ಹೊತ್ತು ಅಣಶಿ ಘಟ್ಟ ಹತ್ತುವಾಗ ಎಣ್ಣೆ ಕಾದು ಮತ್ತಷ್ಟು ತೆಳುವಾಗಿ, ಹಲ್ಲುಗಳ ನಡುವೆ ನಿಲ್ಲದೆ ಹೋಗುತ್ತದೆ. ಆಗ ಸವೆಯುವುದು ಉಕ್ಕಿಗೆ ಉಕ್ಕು.

ಮೊದಲು ತೊಂದರೆಯ ಮೂಲವನ್ನು ನೋಡೋಣ. ಹಿಂದಿನ ಪೆಟ್ರೋಲ್ ಜೀಪುಗಳ ಮೂರು ಗೇರಿನ ಗೇರ್‌ಬಾಕ್ಸಿನಲ್ಲಿ ಎರಡು ಮತ್ತು ಮೂರನೆಯ ಗೇರುಗಳಿಗೆ ಮಾತ್ರ ಸಿಂಕ್ರೊನೈಸರ್ ಉಂಟು. ಒಂದಕ್ಕೂ ರಿವರ್ಸಿಗೂ ಇಲ್ಲ. ಸಿಂಕ್ರೊನೈಸರ್ ಎಂದರೆ ಹಿತ್ತಾಳೆ-ಕಂಚಿನ ಜಾತಿಯ ಒಂದು ಬಳೆ. ಅದು ಗೇರಿನ ಕೋನ್ ಭಾಗವನ್ನು ಒತ್ತಿ ಹಿಡಿದು, ವೇಗಗಳನ್ನು ಸಮ ಮಾಡಿ, ಅನಂತರವೇ ಹಲ್ಲುಗಳು ಕೂಡಲು ಬಿಡುತ್ತದೆ. ಚಳಿಗೆ ಎಣ್ಣೆ ಮಂದವಾಗಿದ್ದರೆ ಬಳೆಯ ಕೆಳಗಿನಿಂದ ಬೇಗ ಸರಿಯದು. ಬಳೆಗೆ ಹಿಡಿತ ಸಿಗದು.

ಇನ್ನು ಡಬ್ಬಿಯ ಮೇಲಿನ ಅಂಕಿಗಳು. 90 ಎಂಬ ಗೇರ್ ಆಯಿಲು 40 ಎಂಬ ಎಂಜಿನ್ ಆಯಿಲಿಗಿಂತ ಇಮ್ಮಡಿ ಮಂದವೆಂದು ಭಾವಿಸುವವರಿದ್ದಾರೆ. ಹಾಗಲ್ಲ. ಎರಡರ ಅಳತೆಗೋಲೂ ಬೇರೆ. ಗೇರ್ ಆಯಿಲಿನ 90 ಹೆಚ್ಚುಕಡಿಮೆ ಎಂಜಿನ್ ಆಯಿಲಿನ 40-50ರಷ್ಟೇ ಮಂದ. 80 ಡಬ್ಲ್ಯೂ 90 ಎಂದಿದ್ದರೆ ಮೊದಲ ಅಂಕಿ ಚಳಿಯಲ್ಲಿನ ಗುಣ, ಕೊನೆಯದು 100 ಡಿಗ್ರಿ ಸೆಂಟಿಗ್ರೇಡಿಗೆ ಕಾದಾಗಿನ ಗುಣ. 80 ಡಬ್ಲ್ಯೂ ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ, 75 ಡಬ್ಲ್ಯೂವನ್ನು 40 ಡಿಗ್ರಿ ಕೆಳಗೆ. ನಮ್ಮ ಕಾಳಿ ಕಣಿವೆಯ ಬೆಳಗಿನ ಚಳಿ ಎಷ್ಟೇ ನಡುಗಿಸಿದರೂ ಸೊನ್ನೆಯ ಹತ್ತಿರಕ್ಕೂ ಇಳಿಯದು. ಲಡಾಖಿಗೆ ಬೇಕಾದ ಎಣ್ಣೆಗೆ ಇಲ್ಲಿ ದುಬಾರಿ ದುಡ್ಡು ಕೊಡಬೇಕಾಗಿಲ್ಲ. ಬರೀ 90 ಹಾಕಿದವರು ಮುಂದಿನ ಬದಲಾವಣೆಯಲ್ಲಿ 80 ಡಬ್ಲ್ಯೂ 90 ಹಾಕಿದರೆ ವರ್ಷದ ಹನ್ನೆರಡು ತಿಂಗಳಿಗೂ ಸಾಕು.

ಅಂಕಿಗಿಂತ ಮುಖ್ಯವಾದುದು ಅದರ ಪಕ್ಕದ ಸಣ್ಣ ಅಕ್ಷರ: ಜಿ.ಎಲ್. 4 ಅಥವಾ ಜಿ.ಎಲ್. 5. ಐದು ನಾಲ್ಕಕ್ಕಿಂತ ದೊಡ್ಡದು, ಆದ್ದರಿಂದ ಉತ್ತಮವೆಂದು ಅಂಗಡಿಯಲ್ಲಿ ಹೇಳಿಯಾರು. ಇದನ್ನು ನಂಬಿ ಹಾಳಾದ ಗೇರ್‌ಬಾಕ್ಸುಗಳಿಗೆ ಲೆಕ್ಕವಿಲ್ಲ. ಹಿಂದಿನ ಡಿಫರೆನ್ಶಿಯಲ್ಲಿನ ಹೈಪಾಯ್ಡ್ ಹಲ್ಲುಗಳು ಜಾರುತ್ತ ಉಜ್ಜುವಂಥವು. ಅಲ್ಲಿಯ ಒತ್ತಡ ತಡೆಯಲು ಜಿ.ಎಲ್. 5ರಲ್ಲಿ ಗಂಧಕ-ರಂಜಕದ ಸಂಯುಕ್ತಗಳನ್ನು ಜಿ.ಎಲ್. 4ಕ್ಕಿಂತ ಸುಮಾರು ಇಮ್ಮಡಿ ಸೇರಿಸಿರುತ್ತಾರೆ. ಗಂಧಕ ಹಿತ್ತಾಳೆ-ಕಂಚಿಗೆ ಏನು ಮಾಡುತ್ತದೆಂಬುದನ್ನು ಮನೆಯ ಪಾತ್ರೆ ಕಪ್ಪಾಗುವುದರಲ್ಲೇ ಕಂಡಿದ್ದೇವೆ. ಸಾಲದ್ದಕ್ಕೆ ಈ ಎಣ್ಣೆಯ ಜಾರುವಿಕೆಯೂ ಹೆಚ್ಚು. ಬಳೆಗೆ ಹಿಡಿತ ಇನ್ನೂ ಕಡಿಮೆ. ಆದುದರಿಂದ ಹಳೆಯ ಗಾಡಿಯ ಗೇರ್‌ಬಾಕ್ಸಿಗೆ ಜಿ.ಎಲ್. 4, ಡಿಫರೆನ್ಶಿಯಲ್ಲಿಗೆ ಜಿ.ಎಲ್. 5. ಒಂದೇ ಡಬ್ಬಿಯಲ್ಲಿ ಎರಡನ್ನೂ ತೀರಿಸತಕ್ಕದ್ದಲ್ಲ. ಕಾರು ಇಟ್ಟುಕೊಂಡವರು ಗಾಡಿಯ ಕೈಪಿಡಿಯನ್ನು ನೋಡಿಯೇ ಕೊಳ್ಳಬೇಕು. ಹಳೆಯ ಇಂಗ್ಲಿಷ್ ಮಾದರಿಯ ಕೆಲವು ಕಾರುಗಳ ಗೇರ್‌ಬಾಕ್ಸಿಗೆ ಎಂಜಿನ್ ಆಯಿಲೇ ವಿಧಿ.

ಎಣ್ಣೆ ಸರಿಯಿದ್ದ ಮೇಲೂ ಚಳಿಯ ಬೆಳಗಿನಲ್ಲಿ ಒಂದಿಷ್ಟು ತಾಳ್ಮೆ ಬೇಕು. ಗಾಡಿ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ಚಿನಿಂದ ಕಾಲು ತೆಗೆದು ಎರಡು ನಿಮಿಷ ಬಿಡಿ. ಒಳಗಿನ ಹಲ್ಲುಗಳು ತಿರುಗಿ ಎಣ್ಣೆಯನ್ನು ಕಲಕುತ್ತವೆ. ನಿಂತ ಗಾಡಿಗೆ ಮೊದಲ ಗೇರು ಬೀಳದಿದ್ದರೆ ಕ್ಲಚ್ ಒತ್ತಿ ಮೊದಲು ಎರಡಕ್ಕೆ ತಂದು, ಒಳಗಿನ ತಿರುಗಾಟ ನಿಂತ ಮೇಲೆ ಒಂದಕ್ಕೆ ಹಾಕಿ ನೋಡಿ. ಬಿಸಿಯಾದ ಮೇಲೂ ಕಷ್ಟ ತಪ್ಪದಿದ್ದರೆ ಚಳಿಯನ್ನು ದೂರಿ ಫಲವಿಲ್ಲ. ಮೇಸ್ತ್ರಿಗೆ ಕ್ಲಚ್ ತೋರಿಸಿ.

ನಮ್ಮ ಕಡೆ ಇನ್ನೊಂದು ಕಾರಣವೂ ಉಂಟು, ನೀರು. ಮಳೆಗಾಲದಲ್ಲಿ ಕಾದ ಗೇರ್‌ಬಾಕ್ಸಿನ ಸಮೇತ ಹಳ್ಳಕ್ಕಿಳಿದಾಗ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಬ್ರೀದರಿನಿಂದಲೋ ಸವೆದ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಅದು ಯಾರಿಗೂ ತಿಳಿಯದೆ ಕೊಯ್ಲಿನ ಕಾಲದವರೆಗೆ ಅಲ್ಲೇ ಇರುತ್ತದೆ. ದೀಪಾವಳಿಯ ಹೊತ್ತಿಗೆ ಎಣ್ಣೆ ಇಳಿಸಿ ನೋಡುವ ಪದ್ಧತಿ ಇಟ್ಟುಕೊಳ್ಳಿ. ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ. ಹೊಳೆಯುವ ಪುಡಿ ಕಂಡರೆ ಅಯಸ್ಕಾಂತ ಹಿಡಿಯಿರಿ: ಅಂಟಿದರೆ ಉಕ್ಕು, ಅಂಟದೆ ಹಳದಿಯಾಗಿದ್ದರೆ ಬಳೆ ಸವೆಯುತ್ತಿದೆ.

ಇಳಿಸುವ ಮುನ್ನ ಗಾಡಿಯನ್ನು ಒಂದು ಸುತ್ತು ಓಡಿಸಿ ತನ್ನಿ, ಬಿಸಿ ಎಣ್ಣೆ ಕೊಳೆಯನ್ನೂ ಕೊಂಡೊಯ್ಯುತ್ತದೆ. ಎಣ್ಣೆ ತುಂಬುವ ಮೇಲಿನ ಪ್ಲಗ್ಗನ್ನೇ ಮೊದಲು ಬಿಚ್ಚಬೇಕು. ಕೆಳಗಿನದನ್ನು ಬಿಚ್ಚಿ ಎಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಾರದೆ ಹೋದರೆ ಗಾಡಿ ಅಂಗಳದಲ್ಲೇ ಉಳಿಯಿತು. ಹೊಸ ಎಣ್ಣೆ ಆ ತೂತಿನ ಕೆಳ ಅಂಚಿಗೆ ಬಂದರೆ ಸಾಕು; ಹೆಚ್ಚಾದದ್ದು ಸೀಲು ದಾಟಿ ಕ್ಲಚ್ ಪ್ಲೇಟಿಗೆ ಹೋಗುತ್ತದೆ.