ಅಣೆ, ಸೇತುವೆ, ಗೋಪುರ: ಕಪಿಲೆಯ ದಡದ ಕಟ್ಟಡ ಪಾಠ

ಕರ್ನಾಟಕದಲ್ಲಿ ಕಟ್ಟಡ ವಿದ್ಯೆಯ ಕ್ರಮಬದ್ಧ ಬೋಧನೆ ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಆರಂಭವಾಗುತ್ತದೆ. ಐಟಿಐನ ಸಿವಿಲ್ ನಕ್ಷೆಗಾರಿಕೆಗಾಗಲಿ ಪಾಲಿಟೆಕ್ನಿಕ್‌ನ ಮೂರು ವರ್ಷದ ಸಿವಿಲ್ ಡಿಪ್ಲೊಮಾಕ್ಕಾಗಲಿ ಹತ್ತನೆಯ ತರಗತಿಯೇ ಹೊಸ್ತಿಲು. ಆದರೆ ಆ ವಿದ್ಯೆಗೆ ಬೇಕಾದ ಮೂಲ ಲೆಕ್ಕ, ಎಂದರೆ ಲಂಬಕೋನ ತ್ರಿಭುಜ, ತ್ರಿಕೋನಮಿತಿ, ಘನಫಲ, ಹೊಸ್ತಿಲಿನ ಈಚೆಗೇ, ಪ್ರೌಢಶಾಲೆಯಲ್ಲೇ ಬರುತ್ತದೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಿಂದ ತಿರುಮಕೂಡಲು ನರಸೀಪುರದ ಸಂಗಮದವರೆಗೆ ಕಪಿಲೆ, ಅಂದರೆ ಕಬಿನಿ, ಹರಿಯುವ ಸೀಮೆಯಲ್ಲಿ ಆ ಲೆಕ್ಕವನ್ನೇ ಕಲ್ಲು, ಗಾರೆಗಳಲ್ಲಿ ಕಟ್ಟಿ ನಿಲ್ಲಿಸಿರುವುದರಿಂದ, ಮಕ್ಕಳಿಗೆ ನಿರ್ಮಿತ ಪರಿಸರವನ್ನು, ಅಂದರೆ ಮನುಷ್ಯರು ಕಟ್ಟಿಕೊಂಡ ಮನೆ, ರಸ್ತೆ, ಕಾಲುವೆ, ಗುಡಿಗಳ ಒಟ್ಟು ಲೋಕವನ್ನು, ಪರಿಚಯಿಸಲು ಇದಕ್ಕಿಂತ ಒಳ್ಳೆಯ ಸೀಮೆ ಸಿಗುವುದು ಕಷ್ಟ.

ಹುಲ್ಲಹಳ್ಳಿಯಲ್ಲಿ ನದಿಗೆ ಅಡ್ಡಲಾಗಿರುವುದು ಜಲಾಶಯವಲ್ಲ, ಅಣೆ. ನದಿಯ ಮೇಲ್ಭಾಗದಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟು ನೀರನ್ನು ತಿಂಗಳುಗಟ್ಟಲೆ ಕೂಡಿಡುತ್ತದೆ. ಅಣೆಯಾದರೋ ನದಿಯ ಮಟ್ಟವನ್ನು ಕಾಲುವೆಯ ಬಾಯಿಗೆ ಸಿಗುವಷ್ಟು ಮಾತ್ರ ಏರಿಸಿ, ಉಳಿದ ನೀರನ್ನು ತನ್ನ ತಲೆಯ ಮೇಲೆಯೇ ಹರಿಯಬಿಡುತ್ತದೆ. ಇಲ್ಲಿಂದ ಹೊರಡುವ ಹುಲ್ಲಹಳ್ಳಿ ಮತ್ತು ರಾಂಪುರ ನಾಲೆಗಳು ನೇರವಾಗಿ ಹೋಗದೆ ಬಳಸಿ ಸಾಗುವುದು ನೆಲದ ಏರುತಗ್ಗಿಗೆ ಸರಿಯಾಗಿ ಇಳಿಜಾರನ್ನು ಕಾಯ್ದುಕೊಳ್ಳಲು. ಇಳಿಜಾರು ಹೆಚ್ಚಾದರೆ ನೀರು ಏರಿಯನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಮೇಸ್ತ್ರಿಗಳು ಪಾಯದ ನಾಲ್ಕು ಮೂಲೆಗಳ ಮಟ್ಟ ನೋಡಲು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿಗಳನ್ನು ಎತ್ತಿಹಿಡಿಯುವುದೂ, ಎರಡು ತುದಿಯ ನೀರೂ ಒಂದೇ ಎತ್ತರದಲ್ಲಿ ನಿಲ್ಲುತ್ತದೆಂಬ ಅದೇ ನೀರಿನ ಗುಣವನ್ನು ನಂಬಿಯೇ.

ಪಾಯದ ಗುರುತು ಹಾಕುವ ಕೆಲಸವಂತೂ ಇಡೀ ಜ್ಯಾಮಿತಿಯ ಪಾಠ. ಗೂಟಕ್ಕೆ ದಾರ ಕಟ್ಟಿ, ಒಂದು ಬದಿಯಲ್ಲಿ 3 ಅಡಿ, ಇನ್ನೊಂದು ಬದಿಯಲ್ಲಿ 4 ಅಡಿ ಅಳೆದು, ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರುವವರೆಗೆ ದಾರವನ್ನು ಸರಿಸಿದರೆ ಮೂಲೆ ಲಂಬಕೋನವಾಗುತ್ತದೆ. ಈ ತತ್ವವನ್ನು ಯಜ್ಞವೇದಿಯ ರಚನೆಗಾಗಿ ಬೌಧಾಯನ ಶುಲ್ಬಸೂತ್ರ ಹೇಳಿತ್ತು, ಶುಲ್ಬವೆಂದರೆ ಹಗ್ಗ. ಪಠ್ಯಪುಸ್ತಕ ಇದನ್ನು ಪೈಥಾಗೊರಸನ ಹೆಸರಿನಲ್ಲಿ ಕಲಿಸುತ್ತದೆ, ಮೇಸ್ತ್ರಿ ಯಾರ ಹೆಸರನ್ನೂ ಹೇಳದೆ ಬಳಸುತ್ತಾನೆ.

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಮಹಾಗೋಪುರ ಸುಮಾರು 120 ಅಡಿ ಎತ್ತರವಿದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಸೇರಿದ್ದು. ಕೋನಮಾಪಕಕ್ಕೆ ದಾರವನ್ನೂ ಸಣ್ಣ ಕಲ್ಲನ್ನೂ ಕಟ್ಟಿಕೊಂಡು, ತುದಿಯು 45 ಡಿಗ್ರಿಯಲ್ಲಿ ಕಾಣುವ ಜಾಗದಲ್ಲಿ ನಿಂತರೆ, ಗೋಪುರಕ್ಕಿರುವ ದೂರವೇ ಎತ್ತರವೆಂದು ಪುಸ್ತಕದ ಲೆಕ್ಕ ಹೇಳುತ್ತದೆ. ಸ್ಥಳದಲ್ಲಿ ಅದು ತಪ್ಪುತ್ತದೆ. ನೋಡುವವನ ಕಣ್ಣು ನೆಲದಿಂದ ನಾಲ್ಕೈದು ಅಡಿ ಮೇಲಿರುವುದರಿಂದ ಅದನ್ನು ಕೂಡಿಸಬೇಕು. ಅದಕ್ಕಿಂತ ಮುಖ್ಯವಾಗಿ, ಗೋಪುರ ಮೇಲೆ ಹೋದಂತೆ ಕಿರಿದಾಗುವುದರಿಂದ ಅದರ ತುದಿ ಮುಂಗೋಡೆಯ ನೇರಕ್ಕಿಲ್ಲ, ಬಾಗಿಲ ಹಾದಿಯ ನಡುಭಾಗದ ನೇರಕ್ಕಿದೆ. ಹಾಗಾಗಿ ಗೋಡೆಯವರೆಗೆ ಅಳೆದ ದೂರಕ್ಕೆ ತಳದ ಆಳದ ಅರ್ಧವನ್ನು ಸೇರಿಸಬೇಕಾಗುತ್ತದೆ. ಕರಿಹಲಗೆಯ ಮೇಲೆ ಕಂಬವನ್ನು ಒಂದು ಗೆರೆಯಾಗಿ ಬರೆದು ಕಲಿತವರಿಗೆ ಕಟ್ಟಡಕ್ಕೆ ದಪ್ಪವಿದೆ ಎಂಬುದು ತಿಳಿಯುವುದು ಇಲ್ಲಿಯೇ.

ಅದೇ ಊರಿನಲ್ಲಿ 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ, ಮುಂದೆ ರಸ್ತೆಯನ್ನೂ ರೈಲನ್ನೂ ಹೊತ್ತ ಸೇತುವೆ ಕಮಾನಿನ ಗುಣವನ್ನು ತೋರಿಸುತ್ತದೆ: ಕಮಾನು ಭಾರವನ್ನು ಪಕ್ಕಕ್ಕೆ ತಳ್ಳುತ್ತಾ ಕಂಬಗಳಿಗೆ ಇಳಿಸುವುದರಿಂದ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡೇ ನಿಲ್ಲುತ್ತವೆ. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯದಲ್ಲಿ (13ನೆಯ ಶತಮಾನ) ಕಂಬ ಮತ್ತು ತೊಲೆಗಳದ್ದೇ ಆಳ್ವಿಕೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಗುಡಿಗೆ ಶಾಲಾ ಪ್ರವಾಸಗಳು ಹೋಗುವುದುಂಟು, ಆದರೆ ತಲೆಯೆತ್ತಿ ಚಾವಣಿ ನೋಡಿ ಬೆರಗಾದ ಮೇಲೆ ಅದು ಬೀಳದಿರುವುದೇಕೆ ಎಂಬ ಪ್ರಶ್ನೆಗೆ ಬಸ್ಸಿನ ವೇಳೆ ಉಳಿದಿರುವುದಿಲ್ಲ.

ಕೈಕಸುಬನ್ನು ಶಾಲೆಗೆ ತರುವ ಯತ್ನ ಮೈಸೂರಿಗೆ ಹೊಸದಲ್ಲ. 1906ರಲ್ಲಿ ಕಟ್ಟಡಕ್ಕೆ ಶಂಕುಸ್ಥಾಪನೆಯಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಮರಗೆಲಸ, ಶಿಲ್ಪ, ಚಿತ್ರಕಲೆಗಳನ್ನು ಕಲಿಸಿತು. ಈಗ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟು) ಯೋಜನೆಯಡಿ ಒಂಬತ್ತು, ಹತ್ತನೆಯ ತರಗತಿಯವರು ತೃತೀಯ ಭಾಷೆಯ ಬದಲು ಆಟೋಮೊಬೈಲ್, ಮಾಹಿತಿ ತಂತ್ರಜ್ಞಾನದಂತಹ ವೃತ್ತಿವಿಷಯ ಓದಬಹುದು. ಎರಡರಲ್ಲೂ ಕಸುಬು ಬೇರೆ ಸಂಸ್ಥೆ ಅಥವಾ ಬೇರೆ ಪುಸ್ತಕವಾಗಿ ನಿಂತಿತೇ ಹೊರತು ಗಣಿತದ ಪೀರಿಯಡ್ಡಿಗೆ ನುಗ್ಗಲಿಲ್ಲ ಎಂಬುದೇ ಕೊರತೆ.

ಕಸುಬನ್ನು ಗಣಿತದ ಪೀರಿಯಡ್ಡಿಗೆ ತರಲು ಹೆಚ್ಚಿನ ಸಲಕರಣೆಯೇನೂ ಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು ರೂಢಿಸಿತು. ಅದಕ್ಕೆ ತಕ್ಕ ಮಣ್ಣು ಯಾವುದೆಂದು ಅಂದಾಜಿಸಲು ಗಾಜಿನ ಬಾಟಲಿ ಸಾಕು. ಊರ ಕೆಮ್ಮಣ್ಣನ್ನು ಒಂದರಲ್ಲಿ, ಎರೆಮಣ್ಣನ್ನು ಇನ್ನೊಂದರಲ್ಲಿ ಮೂರನೆಯ ಒಂದು ಭಾಗ ತುಂಬಿ, ನೀರು ಹೊಯ್ದು ಚೆನ್ನಾಗಿ ಅಲುಗಿಸಿ ಇಟ್ಟರೆ, ಮರಳು ಕ್ಷಣದಲ್ಲೇ ತಳ ಸೇರುತ್ತದೆ, ಅದರ ಮೇಲೆ ಮೆಲ್ಲನೆ ನುಣ್ಣನೆಯ ಹೂಳು ಕೂರುತ್ತದೆ. ನೀರನ್ನು ರಾಡಿಯಾಗಿಯೇ ಉಳಿಸುವ ಜೇಡಿ ಮಾತ್ರ ಇಳಿಯಲು ಗಂಟೆಗಟ್ಟಲೆ ಹಿಡಿಯುವುದರಿಂದ, ಬಾಟಲಿಗಳನ್ನು ಕಿಟಕಿಯ ಮೇಲೆ ಅಲುಗದಂತೆ ಬಿಟ್ಟು, ಪದರಗಳಿಗೆ ಸ್ಕೇಲು ಹಿಡಿಯುವ ಕೆಲಸವನ್ನು ಮರುದಿನದ ಮೊದಲ ಪೀರಿಯಡ್ಡಿಗೆ ಇಟ್ಟುಕೊಳ್ಳಬೇಕು.