ಸಮುದ್ರದಲ್ಲಿ ದಾರಿಯನ್ನು ಹುಡುಕುವ ಬಗೆ

ಹರದನಹಳ್ಳಿಯಿಂದ ಚಾಮರಾಜನಗರಕ್ಕೆ ಹೊರಟವನಿಗೆ ಯಾರೂ ದಾರಿ ತೋರಿಸಬೇಕಾಗಿಲ್ಲ. ರಸ್ತೆಯೇ ಅವನನ್ನು ಕರೆದೊಯ್ಯುತ್ತದೆ. ಆದರೆ ಚಾಮರಾಜನಗರದ ಕಡೆಯ ಕರಿಕಲ್ಲನ್ನು ಮಂಗಳೂರಿನ ಪಣಂಬೂರಿನಲ್ಲಿ ಹಡಗಿಗೇರಿಸಿ, ಅರಬ್ಬೀ ಸಮುದ್ರದಾಚೆಯ ಏಡನ್ ಬಂದರಿಗೆ ಕಳುಹಿಸಬೇಕೆಂದು ಭಾವಿಸೋಣ. ಸಮುದ್ರದ ಮೇಲೆ ರಸ್ತೆಯೂ ಇಲ್ಲ, ಮೈಲಿಗಲ್ಲೂ ಇಲ್ಲ. ಅಲ್ಲಿ ದಾರಿಯನ್ನು ಗೊತ್ತುಮಾಡುವುದು ಹೇಗೆ?

ಈ ಪಯಣ ಹೊಸದೇನಲ್ಲ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನಿಗೆ ಏಡನ್ನಿನ ವರ್ತಕರು ಬರೆದ ಪತ್ರಗಳು ಕೈರೋ ನಗರದಲ್ಲಿ ದೊರೆತಿವೆ. ಅಂದಿನ ನಾವಿಕರು ನಕ್ಷತ್ರಗಳನ್ನೂ ಮಾರುತಗಳನ್ನೂ ನಂಬಿ ನಡೆದರು. ಇಂದು ಅಂತರ್ಜಾಲದ ಭೂಪಟದಲ್ಲಿ ಎರಡು ಬಂದರುಗಳನ್ನು ಗುರುತಿಸಿದರೆ ಸಾಕು. ದಾರಿಯ ಗೆರೆಯೂ ದೂರವೂ ಪಯಣದ ಅವಧಿಯೂ ಕ್ಷಣಮಾತ್ರದಲ್ಲಿ ಕಣ್ಣಮುಂದೆ ಮೂಡುತ್ತವೆ.

ಇದರ ಹಿಂದಿರುವ ಗಣಿತ ಸರಳವಾದುದು. ಸಮುದ್ರದ ಮೇಲೆ ಸಾವಿರಾರು ಬಿಂದುಗಳನ್ನು ಹರಡಿ, ನೆಲವನ್ನು ದಾಟದಂತೆ ಅಕ್ಕಪಕ್ಕದ ಬಿಂದುಗಳನ್ನು ಗೆರೆಗಳಿಂದ ಜೋಡಿಸುತ್ತಾರೆ. ಹೀಗೆ ನೀರಿನ ಮೇಲೆ ಕಾಲ್ಪನಿಕ ರಸ್ತೆಗಳ ಒಂದು ಬಲೆ ಸಿದ್ಧವಾಗುತ್ತದೆ. ಆ ಬಲೆಯಲ್ಲಿ ಅತಿ ಕಡಿಮೆ ದೂರದ ದಾರಿಯನ್ನು ಆರಿಸುವ ಒಂದು ವಿಧಾನವನ್ನು ಹಾಲೆಂಡಿನ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದನು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ನಾವು ನೋಡುವ ಭೂಪಟ ಚಪ್ಪಟೆ, ಭೂಮಿ ಗೋಳ. 1569ರಲ್ಲಿ ಮರ್ಕೇಟರ್ ರಚಿಸಿದ ಬಗೆಯ ಭೂಪಟದಲ್ಲಿ ಎಳೆದ ನೇರ ಗೆರೆಯು ದಿಕ್ಸೂಚಿಯ ದಿಕ್ಕನ್ನು ಬದಲಿಸದೆ ಸಾಗುವ ದಾರಿಯೇ ಹೊರತು ಅತ್ಯಂತ ಹತ್ತಿರದ ದಾರಿಯಲ್ಲ. ಗೋಳದ ಮೇಲೆ ಹತ್ತಿರದ ದಾರಿಯೆಂದರೆ ಮಹಾವೃತ್ತದ ಒಂದು ತುಂಡು; ಭೂಪಟದಲ್ಲಿ ಅದು ಸಾಮಾನ್ಯವಾಗಿ ಬಿಲ್ಲಿನಂತೆ ಬಾಗಿ ಕಾಣುತ್ತದೆ. ಜಪಾನಿನ ಯೊಕೊಹಾಮಾದಿಂದ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋಗೆ ಈ ಬಾಗಿದ ದಾರಿಯನ್ನು ಹಿಡಿದರೆ ಸುಮಾರು 240 ನಾಟಿಕಲ್ ಮೈಲಿ ಉಳಿಯುತ್ತದೆ. ಒಂದು ನಾಟಿಕಲ್ ಮೈಲಿಯೆಂದರೆ 1852 ಮೀಟರು.

ನಮ್ಮ ಮಂಗಳೂರು ಮತ್ತು ಏಡನ್ನುಗಳಾದರೋ ಸರಿಸುಮಾರು ಒಂದೇ ಅಕ್ಷಾಂಶದಲ್ಲಿವೆ. ಎರಡೂ ಸಮಭಾಜಕಕ್ಕೆ ಸಮೀಪ. ಲೆಕ್ಕ ಮಾಡಿದರೆ ನೇರ ಗೆರೆ ಸುಮಾರು 1743 ನಾಟಿಕಲ್ ಮೈಲಿ, ಮಹಾವೃತ್ತ ಸುಮಾರು 1742. ಉಳಿತಾಯ ಒಂದೇ ಮೈಲಿ! ಗಂಟೆಗೆ 12 ನಾಟಿಕಲ್ ಮೈಲಿ ವೇಗದ ಹಡಗಿಗೆ ಇದು ಆರು ದಿನಗಳ ಪಯಣ.

ಹಾಗಾದರೆ ಗೆರೆಯನ್ನು ಎಳೆದಲ್ಲಿಗೆ ಕೆಲಸ ಮುಗಿಯಿತೇ? ಇಲ್ಲ. ಈ ದಾರಿಯ ದಕ್ಷಿಣಕ್ಕೆ ಲಕ್ಷದ್ವೀಪದ ಹವಳದ ದಿಬ್ಬಗಳಿವೆ; ಮುಂದೆ ಸೊಕೋತ್ರಾ ದ್ವೀಪವಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತವು ಹಡಗಿಗೆ ಎದುರಾಗಿ ಬೀಸುತ್ತದೆ. ಕೇವಲ ದೂರವನ್ನು ಲೆಕ್ಕ ಹಾಕುವ ಸಾಧನಕ್ಕೆ ಅಲೆಯೂ ತಿಳಿಯದು, ಆಳವೂ ತಿಳಿಯದು.

ಆಳವನ್ನು ಗುರುತಿಸಿದ ವಿದ್ಯುನ್ಮಾನ ನಕ್ಷೆಯನ್ನೂ ಎಚ್ಚರದಿಂದಲೇ ಓದಬೇಕು. 2014ರ ನವೆಂಬರ್ 29ರಂದು, ಕೇಪ್‌ಟೌನಿನಿಂದ ಅಬುಧಾಬಿಗೆ ನಡೆದ ಹಾಯಿದೋಣಿಗಳ ಪಂದ್ಯದಲ್ಲಿ ‘ವೆಸ್ಟಾಸ್ ವಿಂಡ್’ ಎಂಬ ದೋಣಿಯು ಮಾರಿಷಸ್ಸಿನ ಈಶಾನ್ಯದಲ್ಲಿರುವ ಕಾರ್ಗಾಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ಇರುಳಿನಲ್ಲಿ ಅಪ್ಪಳಿಸಿತು. ದಿಬ್ಬ ನಕ್ಷೆಯಲ್ಲಿ ಇದ್ದೇ ಇತ್ತು. ಆದರೆ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡಿದಾಗ ಮಾತ್ರ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಅದೃಷ್ಟವಶಾತ್ ದೋಣಿಯಲ್ಲಿದ್ದ ಒಂಬತ್ತು ಮಂದಿಯೂ ಬದುಕಿ ಉಳಿದರು.

ಭೂಪಟವನ್ನು ಕುಗ್ಗಿಸಿದಾಗ ಸಣ್ಣ ವಸ್ತುಗಳನ್ನು ಕೈಬಿಡುವುದು ಅನಿವಾರ್ಯ. ಭೂಪಟದಲ್ಲಿ ಹರದನಹಳ್ಳಿಯು ಕಾಣದಾದರೆ ಯಾರಿಗೂ ಅಪಾಯವಿಲ್ಲ. ಬಂಡೆಯೊಂದು ಕಾಣದಾದರೆ ಹಡಗು ಒಡೆಯುತ್ತದೆ. ಆದ್ದರಿಂದ ಅಂತರ್ಜಾಲದ ಗೆರೆಯನ್ನು ದೂರ, ಕಾಲ, ವೆಚ್ಚಗಳ ಅಂದಾಜಿಗೆ ಬಳಸಬಹುದು. ಹಡಗನ್ನು ನಡೆಸಲು ಮಾತ್ರ ಅಧಿಕೃತ ನೌಕಾನಕ್ಷೆಯೇ ಬೇಕು. ಅದನ್ನೂ ದಾರಿಯ ಉದ್ದಕ್ಕೂ ಹಿಗ್ಗಿಸಿ ಪರೀಕ್ಷಿಸಬೇಕು.